ಕೊಳ್ಳುವ ಸೇರು, ಕೊಡುವ ಸೇರು

ಮಂಗಳೂರಿನಿಂದ ಬಂಟ್ವಾಳದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ನೇತ್ರಾವತಿಯ ದಂಡೆಗೆ ತಾಗಿಕೊಂಡು ಫರಂಗಿಪೇಟೆ ಇದೆ. ಹೆಸರಿನಲ್ಲಿಯೇ ಫರಂಗಿಯವರ ನೆನಪನ್ನು ಉಳಿಸಿಕೊಂಡಿರುವ ಈ ಪೇಟೆ ದೊಡ್ಡದೇನೂ ಅಲ್ಲ. ಆದರೆ ಮನುಷ್ಯಸ್ವಭಾವವನ್ನು ಅಭ್ಯಾಸ ಮಾಡಬೇಕೆನ್ನುವವನಿಗೆ ಇಂಥ ಸ್ಥಳಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕಾಗಿಲ್ಲ. ಮೀನು, ಅಡಿಕೆ, ಬೀಡಿ, ಮರಳು, ಬಸ್ಸು, ಶಾಲೆ, ಮಸೀದಿ, ಇಗರ್ಜಿ, ದೇವಸ್ಥಾನ ಎಲ್ಲವೂ ಇಲ್ಲಿ ಒಂದರ ನೆರಳಿನಲ್ಲಿ ಇನ್ನೊಂದು ಎಂಬಂತೆ ಸೇರಿಕೊಂಡಿವೆ.

ಇಲ್ಲಿಯ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳೋಣ. ಬೆಳಗ್ಗೆ ಆತನು ಬಂಗುಡೆ ಮೀನು ಕೊಂಡನು. ಮಾರುವಾಕೆ ಲೆಕ್ಕ ತಪ್ಪಿ ಐವತ್ತು ರೂಪಾಯಿ ಹೆಚ್ಚಿಗೆ ಕೊಟ್ಟಳು. ನಾಲ್ಕು ಹೆಜ್ಜೆ ಹೋದವನು ಹಿಂದಿರುಗಿ ಬಂದು ಆ ಹಣವನ್ನು ಆಕೆಯ ಕೈಗಿತ್ತನು. ಅನಂತರ ಬಸ್ಸು ಹತ್ತಿ, ಏಳು ತುಂಬಿದ ಮಗನಿಗೆ ಇನ್ನೂ ಐದೇ ವರ್ಷವೆಂದು ಹೇಳಿ ಅರ್ಧ ಟಿಕೇಟನ್ನು ಉಳಿಸಿದನು. ಮಧ್ಯಾಹ್ನ ಅಡಿಕೆಯ ಗೋಣಿಯನ್ನು ಅಂಗಡಿಗೆ ಸಾಗಿಸುವ ಮುನ್ನ, ಒಳ್ಳೆಯ ಚಾಲಿಯ ತಳಕ್ಕೆ ಒಂದಿಷ್ಟು ಪಟೋರವನ್ನು, ಎಂದರೆ ಒಡಕು ಅಡಿಕೆಯನ್ನು, ಸೇರಿಸಿದನು. ಉಪನೋಂದಣಿ ಕಚೇರಿಯಲ್ಲಿ ಜಾಗದ ಕ್ರಯವನ್ನು ನಿಜವಾಗಿ ಪಡೆದುದಕ್ಕಿಂತ ಕಡಮೆಯಾಗಿ ಕಾಣಿಸಿ ಸಹಿ ಹಾಕಿದನು. ಸಂಜೆ ಮನೆಗೆ ಬಂದು, ಧರ್ಮಸ್ಥಳಕ್ಕೆಂದು ಹೇಳಿಕೊಂಡ ಹರಕೆಯ ಹಣವನ್ನು ಒಂದು ರೂಪಾಯಿಯೂ ಕಡಮೆಯಾಗದಂತೆ ಎಣಿಸಿ ಬೇರೆಯೇ ತೆಗೆದಿಟ್ಟನು. ಆ ಹಣದ ಲೆಕ್ಕವನ್ನು ಕೇಳುವವರು ಯಾರೂ ಇಲ್ಲ!

ಈತನನ್ನು ಪ್ರಾಮಾಣಿಕನೆನ್ನೋಣವೇ, ಮೋಸಗಾರನೆನ್ನೋಣವೇ? ನೆರೆಹೊರೆಯವರನ್ನು ಕೇಳಿದರೆ ‘ಒಳ್ಳೆಯ ಜನ’ ಎಂದೇ ಹೇಳುವರು. ಆತನೂ ಹಾಗೆಯೇ ನಂಬಿರುವನು. ವಾಚಕರು ತಮ್ಮ ತಮ್ಮ ದಿನಚರಿಯನ್ನೊಮ್ಮೆ ತಿರುವಿ ನೋಡಿದರೆ ಈ ಗೃಹಸ್ಥನು ಅಷ್ಟೇನೂ ಅಪರಿಚಿತನಲ್ಲವೆಂದು ತೋರದಿರದು.

ಸತ್ಯಸಂಧತೆ ಎಂಬುದು ಮನುಷ್ಯನ ಒಳಗಿರುವ ಒಂದು ಗುಣ, ಎತ್ತರ ತೂಕಗಳಂತೆ ಒಬ್ಬನಲ್ಲಿ ಹೆಚ್ಚು ಒಬ್ಬನಲ್ಲಿ ಕಡಮೆ ಎಂಬುದು ಸಾಮಾನ್ಯರ ಎಣಿಕೆ. ಈ ಎಣಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಡ್ಡಿದವರು ಅಮೆರಿಕದ ಹ್ಯೂ ಹಾರ್ಟ್ಸ್‌ಹೋರ್ನ್ ಮತ್ತು ಮಾರ್ಕ್ ಮೇ ಎಂಬ ಇಬ್ಬರು ವಿದ್ವಾಂಸರು. ಅವರ ಗ್ರಂಥವು ೧೯೨೮ರಲ್ಲಿ ಪ್ರಕಟವಾಯಿತು. ಸುಮಾರು ಹನ್ನೊಂದು ಸಾವಿರ ಶಾಲಾಮಕ್ಕಳಿಗೆ ಅವರು ಬಗೆಬಗೆಯ ಪ್ರಲೋಭನೆಗಳನ್ನು ಒಡ್ಡಿದರು. ತರಗತಿಯಲ್ಲಿ ಪರೀಕ್ಷೆ ಬರೆಯಿಸಿ, ಮಕ್ಕಳಿಗೆ ತಿಳಿಯದಂತೆ ಉತ್ತರಗಳ ಪ್ರತಿಯನ್ನು ತೆಗೆದಿಟ್ಟುಕೊಂಡು, ಮರುದಿನ ಅವರ ಕೈಯಲ್ಲೇ ಅವರವರ ಉತ್ತರಗಳನ್ನು ತಿದ್ದಿಸಿದರು. ತಿದ್ದುವಾಗ ಯಾರು ಉತ್ತರವನ್ನು ಬದಲಿಸಿದರೆಂಬುದು ಹೀಗೆ ಹೊರಬಿತ್ತು. ಮನೆಯಲ್ಲಿ ಮಾಡುವ ಕೆಲಸ, ಆಟೋಟದಲ್ಲಿ ತಾವೇ ಬರೆದುಕೊಳ್ಳುವ ಅಂಕ, ಕಣ್ಣು ಮುಚ್ಚಿ ಆಡುವ ಆಟ, ಕೈಗೆ ಸಿಕ್ಕುವಂತೆ ಇಟ್ಟ ನಾಣ್ಯ, ಹೀಗೆ ಪ್ರತಿಯೊಂದಕ್ಕೂ ಒಂದೊಂದು ಪರೀಕ್ಷೆ.

ಫಲಿತಾಂಶವು ಉಪಾಧ್ಯಾಯರನ್ನೂ ಪಾದ್ರಿಗಳನ್ನೂ ಬೆರಗುಗೊಳಿಸಿತು. ಉತ್ತರವನ್ನು ತಿದ್ದಿದ ಹುಡುಗನು ನಾಣ್ಯವನ್ನು ಮುಟ್ಟಲಿಲ್ಲ. ನಾಣ್ಯವನ್ನು ಎತ್ತಿಕೊಂಡವನು ಆಟದಲ್ಲಿ ಕಳ್ಳಗಣ್ಣು ಬಿಡಲಿಲ್ಲ. ಒಂದು ಕ್ಷೇತ್ರದ ನಡತೆಯಿಂದ ಇನ್ನೊಂದು ಕ್ಷೇತ್ರದ ನಡತೆಯನ್ನು ಊಹಿಸುವುದು ಕಷ್ಟವಾಯಿತು. ಎಲ್ಲ ಕಡೆಯೂ ಮೋಸ ಮಾಡಿದವರು ಕೆಲವರೇ, ಎಲ್ಲಿಯೂ ಮಾಡದವರೂ ಕೆಲವರೇ. ಇದೇ ಅಂಕಿಗಳನ್ನು ೧೯೬೩ರಲ್ಲಿ ಮತ್ತೆ ಲೆಕ್ಕ ಹಾಕಿದ ರೋಜರ್ ಬರ್ಟನ್ ಎಂಬ ಮನಶ್ಶಾಸ್ತ್ರಜ್ಞನು, ಒಟ್ಟಾರೆ ಪ್ರಾಮಾಣಿಕತೆ ಎಂಬ ಸಣ್ಣದೊಂದು ಎಳೆ ಎಲ್ಲ ಪರೀಕ್ಷೆಗಳಲ್ಲಿಯೂ ಹಾದುಹೋಗುವುದು ಉಂಟೆಂದು ತೋರಿಸಿದನು. ಎಳೆ ಇದೆ, ಆದರೆ ತೆಳ್ಳಗಿದೆ.

ಹಾಗಾದರೆ ಒಂದು ಕಡೆ ಮೋಸ ಮಾಡಿಸುವುದೂ ಇನ್ನೊಂದು ಕಡೆ ತಡೆಯುವುದೂ ಏನು? ಮೊದಲು ಹೊಳೆಯುವ ಉತ್ತರ ಲಾಭನಷ್ಟದ್ದು. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರನು ಒಮ್ಮೆ ವಿದ್ಯಾರ್ಥಿಯೊಬ್ಬನ ಮೌಖಿಕ ಪರೀಕ್ಷೆಗೆ ತಡವಾಗಿ ಹೊರಟಿದ್ದನು. ಕಾರನ್ನು ದೂರದಲ್ಲಿ ದುಡ್ಡು ಕೊಟ್ಟು ನಿಲ್ಲಿಸುವುದೋ, ನಿಷೇಧವಿದ್ದ ಬೀದಿಯಲ್ಲೇ ನಿಲ್ಲಿಸುವುದೋ ಎಂದು ಯೋಚಿಸಿ, ಸಿಕ್ಕಿಬೀಳುವ ಸಂಭವವನ್ನೂ ದಂಡದ ಮೊತ್ತವನ್ನೂ ಗುಣಿಸಿ ನೋಡಿ, ಬೀದಿಯಲ್ಲೇ ನಿಲ್ಲಿಸಿದನು. ೧೯೬೮ರಲ್ಲಿ ಆತನು ಪ್ರಕಟಿಸಿದ ಅಪರಾಧದ ಅರ್ಥಶಾಸ್ತ್ರಕ್ಕೆ ಈ ಪ್ರಸಂಗವೇ ಬೀಜವಾಯಿತು. ಗಳಿಕೆ ದೊಡ್ಡದಾಗಿ ಸಿಕ್ಕಿಬೀಳುವ ಭಯ ಸಣ್ಣದಾದರೆ ಮನುಷ್ಯನು ಮೋಸ ಮಾಡುವನೆಂಬುದು ಆ ವಾದದ ಸಾರ.

ಈ ವಾದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ದೊಡ್ಡ ನಿದರ್ಶನ ದೊರೆತಿದೆ. ೨೦೨೩ರ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲಿತಾಂಶ ಶೇಕಡ ೮೩.೮೯ ಇತ್ತು. ಆ ವರ್ಷ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಪಟ್ಟಿಯ ಮೊದಲ ಹತ್ತರಲ್ಲಿಯೂ ಇರಲಿಲ್ಲ. ೨೦೨೪ರಲ್ಲಿ ಪರೀಕ್ಷಾ ಕೇಂದ್ರಗಳ ಕೋಣೆಗಳಿಗೆ ಕ್ಯಾಮೆರಾ ಅಳವಡಿಸಿ, ವೆಬ್‌ಕಾಸ್ಟಿಂಗ್ ಮೂಲಕ ದೂರದಿಂದಲೇ ನೋಡುವ ಏರ್ಪಾಡಾಯಿತು. ಫಲಿತಾಂಶವು ಶೇಕಡ ೭೩.೪೦ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಬಳಿಕ. ಉಡುಪಿ ಶೇಕಡ ೯೪ರೊಂದಿಗೆ ಮೊದಲನೆಯದಾಯಿತು, ದಕ್ಷಿಣ ಕನ್ನಡ ಶೇಕಡ ೯೨.೧೨ರೊಂದಿಗೆ ಎರಡನೆಯದಾಯಿತು. ಎರಡು ವರ್ಷಗಳ ಮಕ್ಕಳು ಬೇರೆ ಬೇರೆ, ಪ್ರಶ್ನೆಪತ್ರಿಕೆಗಳೂ ಬೇರೆ. ಆದ್ದರಿಂದ ಇಳಿದ ಪ್ರತಿಯೊಂದು ಅಂಶವನ್ನೂ ಕ್ಯಾಮೆರಾದ ಲೆಕ್ಕಕ್ಕೆ ಬರೆಯಲಾಗದು. ಆದರೂ ಒಂದೇ ವರ್ಷದಲ್ಲಿ ಒಂದು ನಾಡಿನ ಮಕ್ಕಳ ಬುದ್ಧಿ ಹತ್ತು ಅಂಶ ಕುಸಿದುಹೋಗುವುದನ್ನು ಯಾರೂ ಕಂಡರಿಯರು. ಹಿಂದಿನ ವರ್ಷದ ಅಂಕಗಳಲ್ಲಿ ಒಂದು ಪಾಲು ಮಕ್ಕಳದಲ್ಲ, ಕೋಣೆಯದು ಎಂದೇ ನಾವು ತಿಳಿಯಬೇಕಾಗುತ್ತದೆ.

ಇಲ್ಲಿ ಮೋಸಹೋದವರು ಯಾರು? ನಕಲು ಮಾಡಿದವನ ಪಕ್ಕದಲ್ಲಿ ಕುಳಿತವನಲ್ಲ, ಆ ಕೋಣೆಯಲ್ಲಿದ್ದವರು ಯಾರೂ ಅಲ್ಲ. ಇನ್ನೂರು ಮೈಲಿ ದೂರದ ಯಾವುದೋ ಶಾಲೆಯಲ್ಲಿ ತನಗೆ ತಿಳಿದಷ್ಟನ್ನೇ ಬರೆದು ಬಂದ ಒಬ್ಬ ಹುಡುಗಿ. ಪದವಿಪೂರ್ವ ಕಾಲೇಜಿನ ಬಾಗಿಲಲ್ಲಿ ಆಕೆಗಿಂತ ಎರಡು ಅಂಕ ಮುಂದಿದ್ದವನು ಒಳಗೆ ಹೋದನು, ಆಕೆ ಹೊರಗುಳಿದಳು. ಅವರಿಬ್ಬರೂ ಒಬ್ಬರ ಮುಖವನ್ನೊಬ್ಬರು ಕಾಣಲೇ ಇಲ್ಲ. ಕರಾವಳಿಯ ನಾವು ಈ ಪಟ್ಟಿಯನ್ನು ನೋಡಿ ಬೀಗುವಂತೆಯೂ ಇಲ್ಲ. ಪತ್ರಿಕೆಯಲ್ಲಿ ಜಿಲ್ಲೆಯ ಸ್ಥಾನವನ್ನು ಓದಿ ಹೆಮ್ಮೆಪಟ್ಟವನು ಉಪನೋಂದಣಿ ಕಚೇರಿಯಲ್ಲಿ ಸುಳ್ಳು ಕ್ರಯಕ್ಕೆ ಸಹಿ ಹಾಕಿದ ಆ ಗೃಹಸ್ಥನೇ ಇರಬಹುದಷ್ಟೆ! ಅಲ್ಲಿ ಇನ್ನೂ ಕ್ಯಾಮೆರಾ ಕಾಣುವಂಥದು ಏನೂ ಇಲ್ಲ. ಕಾಗದದ ಮೇಲಿನ ಅಂಕಿಗೂ ಕೈಬದಲಾದ ನೋಟಿಗೂ ಇರುವ ಅಂತರವನ್ನು ಯಾವ ಮಸೂರವೂ ಹಿಡಿಯಲಾರದು.

ಆದರೆ ಬೆಕರನ ಲೆಕ್ಕ ಪೂರ್ತಿಯಲ್ಲ. ಮೀನು ಮಾರುವವಳಿಗೆ ಐವತ್ತು ರೂಪಾಯಿಯನ್ನು ಹಿಂದಿರುಗಿಸಲು ಕಾರಣವೇನು? ಸಿಕ್ಕಿಬೀಳುವ ಭಯವಂತೂ ಅಲ್ಲ. ೨೦೧೯ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಭಾರತವೂ ಸೇರಿದಂತೆ ೪೦ ದೇಶಗಳ ೩೫೫ ನಗರಗಳಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ಪರ್ಸುಗಳನ್ನು ‘ಬೀದಿಯಲ್ಲಿ ಸಿಕ್ಕಿತು’ ಎಂದು ಹೇಳಿ ಬ್ಯಾಂಕು, ಅಂಚೆ ಕಚೇರಿ, ಹೋಟೆಲು ಮುಂತಾದೆಡೆಗಳ ಸಿಬ್ಬಂದಿಯ ಕೈಗೆ ಕೊಡಲಾಯಿತು. ಕೆಲವುಗಳಲ್ಲಿ ಹಣವಿತ್ತು, ಕೆಲವುಗಳಲ್ಲಿ ಇರಲಿಲ್ಲ. ಹಣವಿಲ್ಲದ ಪರ್ಸುಗಳಲ್ಲಿ ಶೇಕಡ ೪೦ರ ವಿಷಯದಲ್ಲಿ ಮಾತ್ರ ಒಡೆಯನಿಗೆ ಸುದ್ದಿ ಮುಟ್ಟಿತು. ಹಣವಿದ್ದವುಗಳಲ್ಲಿ ಶೇಕಡ ೫೧! ಲಾಭನಷ್ಟದ ಲೆಕ್ಕದಂತೆ ಇದು ತಲೆಕೆಳಗಾಗಬೇಕಿತ್ತು. ಖಾಲಿ ಪರ್ಸನ್ನು ಮೂಲೆಗೆಸೆದರೆ ಅದು ಉದಾಸೀನ. ಹಣವಿದ್ದುದನ್ನು ಇಟ್ಟುಕೊಂಡರೆ ಅದು ಕಳವು. ತನ್ನನ್ನು ತಾನು ಕಳ್ಳನೆಂದು ಕರೆದುಕೊಳ್ಳಲು ಮನುಷ್ಯನು ಹಿಂಜರಿಯುತ್ತಾನೆ. ಒಳಗೊಂದು ಬೀಗದ ಕೈ ಇದ್ದರೆ ಹಿಂದಿರುಗಿಸುವವರು ಇನ್ನೂ ಹೆಚ್ಚಿದರು. ಬೀಗದ ಕೈಯಿಂದ ಸಿಕ್ಕಿದವನಿಗೆ ಉಪಯೋಗವಿಲ್ಲ, ಕಳೆದುಕೊಂಡವನಿಗೆ ಬಾಗಿಲೇ ತೆರೆಯದು. ಅದು ಆ ಪರ್ಸಿಗೆ ಒಂದು ಮುಖವನ್ನು ಕೊಡುತ್ತದೆ.

ಮೀನಿನವಳಿಗೆ ಮುಖವುಂಟು. ಬಸ್ಸಿನ ಒಡೆಯನಿಗೆ ಇಲ್ಲ, ಸರಕಾರಕ್ಕಂತೂ ಇಲ್ಲವೇ ಇಲ್ಲ. ನೇತ್ರಾವತಿಯ ಒಡಲಿನಿಂದ ರಾತ್ರಿಹೊತ್ತು ಪರವಾನಗಿಯಿಲ್ಲದೆ ಮರಳು ತೆಗೆಯುವರೆಂಬ ದೂರು ಈ ಭಾಗದಲ್ಲಿ ಹೊಸತಲ್ಲ. ಹತ್ತಿರದಲ್ಲೇ ತುಂಬೆಯ ಅಣೆಕಟ್ಟಿನಿಂದ ಮಂಗಳೂರು ನಗರಕ್ಕೆ ಕುಡಿಯುವ ನೀರು ಹೋಗುತ್ತದೆ. ಮರಳನ್ನು ಕಳೆದುಕೊಂಡ ಹೊಳೆಯ ತಳವು ಆಳಕ್ಕಿಳಿದರೆ ದಂಡೆ ಕುಸಿಯುವುದು, ಬಾವಿಗಳ ನೀರು ಇಳಿಯುವುದು. ಆದರೆ ಹೊಳೆ ಹಿಂದಿರುಗಿ ಬಂದು ‘ಲೆಕ್ಕ ತಪ್ಪಿತಲ್ಲ’ ಎಂದು ಕೇಳುವುದಿಲ್ಲ.

ಮುಖವಿಲ್ಲದುದಕ್ಕೆ ಮೋಸ ಮಾಡುವುದು ಸುಲಭವೆಂದಾದರೆ, ಮುಖಾಮುಖಿ ನಿಂತು ವ್ಯವಹರಿಸುವವರು ಮೋಸ ಮಾಡುವುದೇಕೆ? ಇಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಅದು ಎದುರಿನವನ ಮೋಸದ ನಿರೀಕ್ಷೆ. ೧೯೫೬ರ ತೂಕ ಮತ್ತು ಅಳತೆಗಳ ಕಾನೂನು ಬಂದು ದಶಮಾನ ಪದ್ಧತಿ ನೆಲೆಗೊಳ್ಳುವ ಮುನ್ನ ಸೇರು, ಕಳಸೆ, ಮುಡಿಗಳು ಊರಿಂದೂರಿಗೆ ಬೇರೆ ಬೇರೆಯಾಗಿದ್ದುವು. ಕೊಳ್ಳುವಾಗ ಒಂದು ಸೇರು, ಕೊಡುವಾಗ ಇನ್ನೊಂದು ಸೇರು ಎಂಬ ಮಾತು ಸುಮ್ಮನೆ ಹುಟ್ಟಲಿಲ್ಲ. ಅಂಗಡಿಯವನು ಅಳತೆಯಲ್ಲಿ ಕದಿಯುವನೆಂದು ಬೆಳೆಗಾರನು ತಳಕ್ಕೆ ಪಟೋರ ಹಾಕುತ್ತಾನೆ. ಬೆಳೆಗಾರನು ತಳಕ್ಕೆ ಪಟೋರ ಹಾಕುವನೆಂದು ಅಂಗಡಿಯವನು ಎಲ್ಲ ಅಡಿಕೆಗೂ ಬೆಲೆಯನ್ನಿಳಿಸುತ್ತಾನೆ. ಬೀಡಿಯಲ್ಲಿಯೂ ಇದೇ ಕಥೆ. ಕೊಟ್ಟ ಎಲೆ ಸಾವಿರ ಬೀಡಿಗೆ ಸಾಲದೆಂದೂ, ಸುತ್ತಿ ತಂದ ಬೀಡಿಯನ್ನು ಕಾರಣವಿಲ್ಲದೆ ತಿರಸ್ಕರಿಸುವರೆಂದೂ ಮನೆಮನೆಗಳಲ್ಲಿ ಬೀಡಿ ಕಟ್ಟುವ ಹೆಂಗಸರ ದೂರು. ಹೊಗೆಸೊಪ್ಪು ಕಡಮೆ ತುಂಬಿದ್ದಾರೆಂದು ಗುತ್ತಿಗೆದಾರರ ದೂರು. ಇಬ್ಬರೂ ತಾವು ಮೋಸ ಮಾಡುತ್ತಿಲ್ಲ, ಕಳೆದುಹೋದುದನ್ನು ಸರಿದೂಗಿಸಿಕೊಳ್ಳುತ್ತಿದ್ದೇವೆ ಎಂದೇ ಭಾವಿಸುವರು. ಕೂಲಿ ಎಷ್ಟು ಸಣ್ಣದೆಂಬುದನ್ನು ನೋಡಿದರೆ ಹೆಂಗಸರ ದೂರಿನ ಕಡೆಗೇ ನಮ್ಮ ಮನಸ್ಸು ವಾಲುತ್ತದೆ.

ಇಂಥ ಪೇಟೆಯಲ್ಲಿ ಒಳ್ಳೆಯ ಸರಕು ತಂದವನಿಗೆ ಒಳ್ಳೆಯ ಬೆಲೆ ಸಿಕ್ಕದೆ, ಕೊನೆಗೆ ಅವನು ತರುವುದನ್ನೇ ಬಿಡುತ್ತಾನೆಂದು ೧೯೭೦ರಲ್ಲಿ ತರ್ಕಬದ್ಧವಾಗಿ ತೋರಿಸಿದವನು ಜಾರ್ಜ್ ಅಕರ್‌ಲಾಫ್. ೨೦೦೧ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆತನು ಭಾರತದಲ್ಲಿ ಸುಮಾರು ಒಂದು ವರ್ಷ ಇದ್ದವನು. ಆ ಪ್ರಸಿದ್ಧ ಲೇಖನದಲ್ಲಿ ಅಕ್ಕಿಯ ಬಣ್ಣದ, ಅಕ್ಕಿಯ ಆಕಾರದ ಕಲ್ಲುಗಳನ್ನು ವ್ಯಾಪಾರಿಗಳು ಬೇಕೆಂದೇ ಬೆರೆಸುವುದನ್ನೂ, ನಮ್ಮ ಗೃಹಿಣಿಯರು ಅದನ್ನು ಆರಿಸುತ್ತ ಕುಳಿತುಕೊಳ್ಳುವುದನ್ನೂ ಉದಾಹರಿಸಿದ್ದಾನೆ. ನಮ್ಮ ಅಜ್ಜಿಯಂದಿರ ಮೊರವು ಹೀಗೆ ಅರ್ಥಶಾಸ್ತ್ರದ ಇತಿಹಾಸವನ್ನು ಸೇರಿತು! ಅದಾದ ಮೂರು ವರ್ಷಕ್ಕೆ, ೧೯೭೩ರಲ್ಲಿ, ಬೆಲೆಕುಸಿತದಿಂದ ಕಂಗೆಟ್ಟಿದ್ದ ಅಡಿಕೆ ಬೆಳೆಗಾರರು ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆಯನ್ನು ಕಟ್ಟಿದರು. ಅಕರ್‌ಲಾಫನ ಲೇಖನವನ್ನು ಓದಿ ಕಟ್ಟಿದರೆಂದಲ್ಲ. ಆದರೆ ಅಡಿಕೆಯನ್ನು ವರ್ಗಮಾಡಿ, ಎಲ್ಲರಿಗೂ ತಿಳಿದ ದರದಲ್ಲಿ ಕೊಳ್ಳುವ ಒಬ್ಬ ದೊಡ್ಡ ಗಿರಾಕಿ ಪೇಟೆಯಲ್ಲಿ ನಿಂತಾಗ ತಳದ ಪಟೋರದ ಆಸೆಯೂ ಅಳತೆಯ ಕೈಚಳಕದ ಆಸೆಯೂ ಎಷ್ಟೋ ಕುಂದುವುದು ಸಹಜ.

ಮನುಷ್ಯನು ತನ್ನ ಮೋಸಕ್ಕೆ ಇಡುವ ಹೆಸರುಗಳನ್ನು ಗಮನಿಸಿದರೆ ಅವನ ಮನಸ್ಸಿನ ಅರ್ಧ ಗುಟ್ಟು ತಿಳಿಯುತ್ತದೆ. ಲಂಚವೆಂದು ಯಾರೂ ಕೇಳುವುದಿಲ್ಲ; ಅದು ‘ಮಾಮೂಲು’, ‘ಚಹಾಕ್ಕೆ’, ‘ಕೈಬೆಚ್ಚಗೆ’. ಕಲಬೆರಕೆಯಲ್ಲ, ‘ಮಿಕ್ಸು’. ಪರೀಕ್ಷೆಯಲ್ಲಿ ‘ತೋರಿಸುವುದು’ ಎಂದರೆ ಸ್ನೇಹ, ‘ತೋರಿಸದಿರುವುದು’ ಎಂದರೆ ಜಿಪುಣತನ. ಹಾಗೆ ನೋಡಿದರೆ ನಮ್ಮ ಭಾಷೆಯಲ್ಲಿ ಮೋಸಕ್ಕಿರುವ ಶಬ್ದಗಳಿಗಿಂತ ಮೋಸವನ್ನು ಮರೆಸುವ ಶಬ್ದಗಳೇ ಹೆಚ್ಚೋ ಏನೋ! ಹೆಸರು ಬದಲಾದೊಡನೆ ಕೆಲಸವೂ ಬದಲಾಯಿತೆಂದು ಮನಸ್ಸು ಒಪ್ಪಿಕೊಳ್ಳುತ್ತದೆ. ಆದರೆ ಈ ಒಪ್ಪಿಗೆಗೂ ಒಂದು ಮಿತಿಯುಂಟು. ಸ್ವಿಜರ್ಲೆಂಡಿನಲ್ಲಿ ನಡೆದು ೨೦೧೩ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜನರು ಯಾರೂ ಕಾಣದಂತೆ ದಾಳ ಹಾಕಿ, ಬಿದ್ದ ಸಂಖ್ಯೆಯನ್ನು ತಾವೇ ಹೇಳಿ, ಅದಕ್ಕೆ ತಕ್ಕ ಹಣ ಪಡೆಯಬೇಕಿತ್ತು. ಐದು ಹೇಳಿದರೆ ಅತಿ ಹೆಚ್ಚು ಹಣ. ಐದನ್ನು ಹೇಳಿದವರು ಸಂಭವಗಣಿತದ ಲೆಕ್ಕಕ್ಕಿಂತ ಬಹಳ ಹೆಚ್ಚಿದ್ದರು. ಆದರೆ ನಾಲ್ಕನ್ನು ಹೇಳಿದವರೂ ಹೆಚ್ಚಿದ್ದರು! ಸುಳ್ಳು ಹೇಳುವವನು ಪೂರ್ತಿ ಲಾಭವನ್ನು ತೆಗೆದುಕೊಳ್ಳದೆ, ಸ್ವಲ್ಪ ಬಿಟ್ಟು, ಅಷ್ಟರಮಟ್ಟಿಗೆ ತಾನು ಪ್ರಾಮಾಣಿಕನೆಂದು ಸಮಾಧಾನಪಟ್ಟನೆಂದು ಇದರ ಅರ್ಥ.

ಇಂಥದೇ ದಾಳದ ಪ್ರಯೋಗ ಬೆಂಗಳೂರಿನ ಏಳು ಕಾಲೇಜುಗಳ ೬೬೯ ವಿದ್ಯಾರ್ಥಿಗಳ ಮೇಲೂ ನಡೆದಿದೆ. ರೀಮಾ ಹನ್ನಾ ಮತ್ತು ಶಿಂಗ್‌-ಯೀ ವಾಂಗ್ ಎಂಬ ಅರ್ಥಶಾಸ್ತ್ರಜ್ಞೆಯರು ಅದನ್ನು ೨೦೧೭ರಲ್ಲಿ ಪ್ರಕಟಿಸಿದರು. ಪ್ರತಿಯೊಬ್ಬರೂ ೪೨ ಸಲ ದಾಳ ಹಾಕಿ ಬರೆದುಕೊಳ್ಳಬೇಕು. ದಾಳದ ಸರಾಸರಿ ಮೂರೂವರೆಯಾದ್ದರಿಂದ ಮೊತ್ತವು ೧೪೭ರ ಆಸುಪಾಸಿನಲ್ಲಿರಬೇಕು. ನೂರಕ್ಕೆ ಒಬ್ಬನು ಮಾತ್ರ ದೈವಯೋಗದಿಂದ ದಾಟಬಹುದಾದ ಮಿತಿಯನ್ನು ಸುಮಾರು ಮೂರನೆಯ ಒಂದು ಭಾಗ ವಿದ್ಯಾರ್ಥಿಗಳು ದಾಟಿದರು. ಯಾರು ಯಾವ ಸಲ ಸುಳ್ಳು ಬರೆದರೆಂದು ಹೇಳಲಾಗದು, ಆದರೆ ಗುಂಪು ಸುಳ್ಳು ಬರೆಯಿತೆಂದು ಗಣಿತವು ಖಚಿತವಾಗಿ ಹೇಳುತ್ತದೆ. ಅಂಕಿ ಏರಿಸಿದವರಲ್ಲಿ ಸರಕಾರಿ ನೌಕರಿ ಬಯಸುವವರು ಹೆಚ್ಚಿದ್ದರೆಂಬುದು ಅದರ ಕಹಿಯಾದ ಫಲಿತಾಂಶ. ಕರ್ನಾಟಕದ ಸರಕಾರಿ ಆರೋಗ್ಯಕೇಂದ್ರಗಳ ದಾದಿಯರಿಂದ ಇದೇ ಆಟವನ್ನು ಆಡಿಸಿದಾಗ, ಅಂಕಿ ಏರಿಸಿದವರೇ ಕೆಲಸಕ್ಕೆ ಗೈರುಹಾಜರಾಗುವುದರಲ್ಲಿಯೂ ಮುಂದಿದ್ದರು. ಬರ್ಟನನ ತೆಳ್ಳಗಿನ ಎಳೆ ಇಲ್ಲಿ ಕಣ್ಣಿಗೆ ಬೀಳುತ್ತದೆ.

ಹರಕೆಯ ಹಣದ ವಿಷಯವನ್ನು ನಾವು ಮರೆತಿಲ್ಲ. ಈ ಸೀಮೆಯಲ್ಲಿ ಜಗಳ ಬಗೆಹರಿಯದಿದ್ದಾಗ ‘ಧರ್ಮಸ್ಥಳಕ್ಕೆ ಬಂದು ಆಣೆ ಮಾಡು’ ಎನ್ನುವುದು ವಾಡಿಕೆ. ‘ಮಾತು ಬಿಡದ ಮಂಜುನಾಥ’ನ ಎದುರಿನಲ್ಲಿ ಸುಳ್ಳಾಡಲು, ನ್ಯಾಯಾಲಯದಲ್ಲಿ ಅಳುಕದವನೂ ಅಳುಕುವನೆಂದು ಹಿರಿಯರು ಹೇಳುವರು. ಇದಕ್ಕೆ ದೈವಭಯವೊಂದೇ ಸಾಕೆ? ಫ್ರಾನ್ಸಿನಲ್ಲಿ ನಡೆದು ೨೦೧೯ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಸತ್ಯವನ್ನೇ ಹೇಳುವೆನೆಂದು ತಾವಾಗಿಯೇ ಪ್ರಮಾಣಪತ್ರಕ್ಕೆ ಸಹಿ ಹಾಕಿದವರು ಅನಂತರ ಕಡಮೆ ಸುಳ್ಳಾಡಿದ್ದಾರೆ. ಅಲ್ಲಿ ದೇವರೂ ಇಲ್ಲ, ಶಿಕ್ಷೆಯೂ ಇಲ್ಲ. ಆಣೆಯು ಮೋಸಕ್ಕೆ ಬೇರೆ ಹೆಸರಿಡುವ ದಾರಿಯನ್ನು ಮುಚ್ಚುತ್ತದೆ.

ಸಹಿಯ ಮಹಿಮೆಯನ್ನು ಇದಕ್ಕಿಂತ ಮೊದಲೇ ಕೊಂಡಾಡಿದ ಇನ್ನೊಂದು ಲೇಖನವಿತ್ತು. ೨೦೧೨ರಲ್ಲಿ ಐವರು ಸಂಶೋಧಕರು ಅದನ್ನು ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಕಾರಿನ ವಿಮೆಯ ನಮೂನೆಯಲ್ಲಿ ಕೊನೆಗೆ ಹಾಕುವ ಸಹಿಯನ್ನು ಮೊದಲೇ ಹಾಕಿಸಿದರೆ ಜನರು ಕಾರು ಓಡಿದ ದೂರವನ್ನು ಹೆಚ್ಚು ಪ್ರಾಮಾಣಿಕವಾಗಿ ಬರೆಯುವರೆಂದು ಅದು ಹೇಳಿತು. ಸರಕಾರಗಳೂ ಕಂಪೆನಿಗಳೂ ಅದಕ್ಕೆ ಕಿವಿಗೊಟ್ಟವು. ೨೦೨೦ರಲ್ಲಿ ಅದೇ ಸಂಶೋಧಕರು ಮತ್ತೆ ಪರೀಕ್ಷಿಸಿದಾಗ ಆ ಪರಿಣಾಮ ಕಾಣಲಿಲ್ಲ. ೨೦೨೧ರಲ್ಲಿ ಬೇರೆ ಕೆಲವರು ಮೂಲ ಅಂಕಿಗಳನ್ನೇ ತೆರೆದು ನೋಡಿದರು. ಹದಿಮೂರು ಸಾವಿರಕ್ಕೂ ಹೆಚ್ಚು ವಿಮಾಪತ್ರಗಳ ಲೆಕ್ಕ. ಕಾರುಗಳು ಓಡಿದ ದೂರವು ಸೊನ್ನೆಯಿಂದ ಐವತ್ತು ಸಾವಿರ ಮೈಲಿಯವರೆಗೆ ಎಲ್ಲೆಡೆಯೂ ಸಮನಾಗಿ ಹರಡಿತ್ತು. ಐವತ್ತು ಸಾವಿರದಾಚೆಗೆ ಒಂದೂ ಇಲ್ಲ. ನಿಜವಾದ ಕಾರುಗಳು ಹಾಗೆ ಓಡುವುದಿಲ್ಲ. ನಡುವಿನ ದೂರ ಓಡುವವು ಬಹಳ, ತೀರ ಕಡಮೆ ಅಥವಾ ತೀರ ಹೆಚ್ಚು ಓಡುವವು ವಿರಳ. ಕೈಯಿಂದ ಬರೆಯುವ ಜನ ಸಂಖ್ಯೆಗಳನ್ನು ಸಾವಿರಕ್ಕೋ ನೂರಕ್ಕೋ ಸರಿಹೊಂದಿಸುವರು. ಎರಡನೆಯ ಸಲದ ಅಂಕಿಗಳಲ್ಲಿ ಅದರ ಸುಳಿವೇ ಇರಲಿಲ್ಲ. ಲೇಖನವನ್ನು ಅದೇ ವರ್ಷ ಹಿಂದಕ್ಕೆ ಪಡೆಯಲಾಯಿತು. ಮೋಸವನ್ನು ತಡೆಯುವುದು ಹೇಗೆಂದು ಕಲಿಸಿದ ಪಾಠವೇ ಕೃತಕ ಅಂಕಿಗಳ ಮೇಲೆ ನಿಂತಿತ್ತು!

ಇದನ್ನು ಓದಿ ನಗುವ ವಿದ್ಯಾರ್ಥಿಯು ತನ್ನ ಭೌತಶಾಸ್ತ್ರದ ಪ್ರಾಯೋಗಿಕ ದಾಖಲೆ ಪುಸ್ತಕವನ್ನೊಮ್ಮೆ ತೆರೆಯಲಿ. ಪರೀಕ್ಷೆಯಲ್ಲಿ ತಲೆಯೆತ್ತಿಯೂ ನೋಡದ ಹುಡುಗನು, ಲೋಲಕದ ಇಪ್ಪತ್ತು ಆಂದೋಲನಗಳ ಕಾಲವನ್ನು ಒಂದೇ ಸಲ ಅಳೆದು, ಉಳಿದ ಅಂಕಣಗಳನ್ನು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ತುಂಬುವುದುಂಟು. ಅದಕ್ಕೂ ಒಂದು ಸಾಧುವಾದ ಹೆಸರಿದೆ, ‘ಅಡ್ಜಸ್ಟ್’ ಮಾಡುವುದು. ಒಂದು ಮೀಟರು ಉದ್ದದ ಲೋಲಕಕ್ಕೆ ಇಪ್ಪತ್ತು ಆಂದೋಲನಗಳಿಗೆ ನಲವತ್ತು ಸೆಕೆಂಡುಗಳಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಕೈಗಡಿಯಾರದ ಗುಂಡಿಯನ್ನು ಒತ್ತುವ ಬೆರಳು ಪ್ರತಿಸಲವೂ ಸ್ವಲ್ಪ ಮುಂಚೆ ಇಲ್ಲವೆ ತಡವಾಗಿ ಒತ್ತುವುದರಿಂದ ನಿಜವಾದ ಓದುಗಳು ಮೇಲೆ ಕೆಳಗೆ ಚೆದರುತ್ತವೆ, ಕೆಲವೊಮ್ಮೆ ಒಂದೇ ಅಂಕಿ ಎರಡು ಮೂರು ಸಲ ಬರುತ್ತದೆ. ಕಲ್ಪಿಸಿ ಬರೆಯುವವನು ಚೆದರುವಿಕೆಗೂ ಹೆದರುತ್ತಾನೆ, ಪುನರಾವೃತ್ತಿಗೂ ಹೆದರುತ್ತಾನೆ; ಅನುಭವವುಳ್ಳ ಉಪಾಧ್ಯಾಯರು ಪುಟವನ್ನು ನೋ‌ಡಿದೊಡನೆ ಗುರುತಿಸುವುದು ಇದರಿಂದಲೇ. ಮೇಲಾಗಿ ಭೂಮಧ್ಯರೇಖೆಗೆ ಹತ್ತಿರ ಬಂದಂತೆ ಗುರುತ್ವವು ಕಡಮೆಯಾಗುತ್ತದೆ. ಹಳೆಯ ಪುಸ್ತಕಗಳಲ್ಲಿರುವ ೯೮೧ ಎಂಬ ಸಂಖ್ಯೆ ಲಂಡನ್ನಿನಂಥ ಊರುಗಳದು. ನೇತ್ರಾವತಿಯ ದಂಡೆಯಲ್ಲಿ ಅದು ಸೆಕೆಂಡಿಗೆ ಸೆಕೆಂಡಿಗೆ ೯೭೮ ಸೆಂಟಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ಅಡ್ಜಸ್ಟ್ ಮಾಡಿದ ದಾಖಲೆ ಪುಸ್ತಕಗಳಲ್ಲಿ ಮಾತ್ರ ಇಲ್ಲಿಯೂ ಅದು ೯೮೧.